ರಾಜಾಜಿನಗರದ ಸಣ್ಣ ಕೈಗಾರಿಕೆಗಳಿಗೆ ವಿಶ್ವೇಶ್ವರಯ್ಯನವರೊಬ್ಬರೇ ಕಾರಣವೇ?

ಸೆಪ್ಟೆಂಬರ್ 15 ಹತ್ತಿರವಾದರೆ ಸಾಕು, ವಾಟ್ಸಾಪ್ ತುಂಬ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ. ಬೆಂಗಳೂರಿನ ಕೈಗಾರಿಕೆಗಳೆಲ್ಲ ಅವರೊಬ್ಬರಿಂದಲೇ ಬಂದವು ಎಂಬ ಮಾತೂ ಅದರ ಜೊತೆಗಿರುತ್ತದೆ. ಇದು ಎಷ್ಟು ನಿಜ?

ಮೊದಲು ಅವರ ಬದುಕು ನೋಡೋಣ. ಹುಟ್ಟಿದ್ದು 1861ರಲ್ಲಿ, ಮುದ್ದೇನಹಳ್ಳಿಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಮುಂಬೈ ಸರ್ಕಾರದ ಕೆಲಸಕ್ಕೆ ಸೇರಿದರು. 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ, ಕೈಗಾರಿಕೆಗಳನ್ನು ನೋಡಿ ಬಂದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರಾದರು.

ಆಮೇಲೆ ಅವರು ಬರೀ ಕಾರ್ಖಾನೆ ಕಟ್ಟಲಿಲ್ಲ. ಸಾಲಕ್ಕೆ 1913ರಲ್ಲಿ ಮೈಸೂರು ಬ್ಯಾಂಕ್, ವ್ಯಾಪಾರಿಗಳ ದನಿಗೆ 1916ರಲ್ಲಿ ವಾಣಿಜ್ಯ ಮಂಡಳಿ, ಕುಶಲ ಕೈಗಳಿಗೆ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ಸರ್ಕಾರಿ ಸಾಬೂನು ಕಾರ್ಖಾನೆಯೂ ಅದೇ ಕಾಲದ್ದು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವುದನ್ನು ಅವರು ಒಪ್ಪಲಿಲ್ಲ. 1918ರಲ್ಲಿ ರಾಜೀನಾಮೆ ಕೊಟ್ಟರು. 1962ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು.

ಈಗ ರಾಜಾಜಿನಗರಕ್ಕೆ ಬನ್ನಿ. ಇಲ್ಲಿನ ಕೈಗಾರಿಕಾ ಉಪನಗರ ಶುರುವಾದದ್ದು 1949ರಲ್ಲಿ. ಅವರು ದಿವಾನಗಿರಿ ಬಿಟ್ಟು ಆಗಲೇ 30 ವರ್ಷವಾಗಿತ್ತು. ಈಗ ವಿಜಯನಗರದಲ್ಲಿ ಕಚೇರಿ ಇರುವ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಹುಟ್ಟಿದ್ದೂ ಅದೇ ವರ್ಷ. ಸಾಬೂನು ಕಾರ್ಖಾನೆ ಇಲ್ಲಿಗೆ ಬಂದದ್ದು 1957ರಲ್ಲಿ. ಇನ್ನು ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದು 1905ರಲ್ಲಿ, ಅಂದರೆ ಅವರು ದಿವಾನರಾಗುವ ಮೊದಲೇ.

ಹಾಗಾದರೆ ಸಣ್ಣ ಘಟಕಗಳು ಒಂದೇ ಕಡೆ ಯಾಕೆ ಸೇರುತ್ತವೆ? ಸಂಶೋಧಕರು ಇದನ್ನು ಬೇರೆ ಬೇರೆ ಕಡೆಯಿಂದ ನೋಡುತ್ತಾರೆ.

ಒಂದು, ಸರ್ಕಾರದ ಪಾತ್ರ: ಜಾಗ, ಕರೆಂಟು, ರಸ್ತೆ, ಸಾಲ ಯಾರು ಕೊಟ್ಟರು?

ಎರಡು, ಅಕ್ಕಪಕ್ಕದ ಲಾಭ: ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇದನ್ನು ವಿವರಿಸಿದ್ದರು. ಲೇತ್ ಇರುವವರಿಗೆ ಪ್ಲೇಟಿಂಗ್ ಮಾಡುವವರು ಪಕ್ಕದಲ್ಲೇ ಸಿಕ್ಕರೆ ಖರ್ಚೂ ಸಮಯವೂ ಉಳಿಯುತ್ತದೆ. ಕೆಲಸ ಬಲ್ಲವರು ಅಲ್ಲಿಗೇ ಬರುತ್ತಾರೆ, ಕಸುಬಿನ ಗುಟ್ಟು ಒಬ್ಬರಿಂದೊಬ್ಬರಿಗೆ ಹಬ್ಬುತ್ತದೆ.

ಮೂರು, ಸಂಬಂಧಗಳು: ನಂಬಿಕೆಯ ಮೇಲೆ ಯಾರಿಗೆ ಜಾಬ್ ವರ್ಕ್ ಸಿಗುತ್ತದೆ, ಯಾರು ಹೊರಗುಳಿಯುತ್ತಾರೆ? ಜಾತಿ, ಊರು, ನೆಂಟಸ್ತಿಕೆಯ ಲೆಕ್ಕ ಇಲ್ಲಿ ಬರುತ್ತದೆ. ಪ್ರತಿಭೆಯೊಂದೇ ಸಾಕೆಂದು ನಂಬಿದ ವಿಶ್ವೇಶ್ವರಯ್ಯನವರ ಕಣ್ಣಿಗೆ ಕಡಿಮೆ ಬಿದ್ದದ್ದು ಇದೇ.

ಇದು ಬರೀ ಪುಸ್ತಕದ ಮಾತಲ್ಲ. ಒಂದೇ ಕಾರಣ ನಂಬಿದರೆ, ಊರಾಚೆ ಶೆಡ್ಡು ಕಟ್ಟಿಕೊಟ್ಟರೆ ಮುಗಿಯಿತು ಎಂದು ಅನಿಸುತ್ತದೆ. ಯಂತ್ರವನ್ನು ಲಾರಿಯಲ್ಲಿ ಸಾಗಿಸಬಹುದು. ಪಕ್ಕದ ಪ್ಲೇಟಿಂಗ್ ಅಂಗಡಿ, ಕೈಸಾಲ ಕೊಡುವ ಪರಿಚಯದವರು, ಬಸ್ಸಿನಲ್ಲಿ ಬರುವ ಕೆಲಸಗಾರರು ಆ ಲಾರಿ ಹತ್ತುವುದಿಲ್ಲ.

ಆದ್ದರಿಂದ ಆ ಫಾರ್ವರ್ಡ್ ಅರ್ಧ ಸತ್ಯ. ಬುನಾದಿಯಲ್ಲಿ ಅವರ ಪಾಲು ದೊಡ್ಡದು, ನಿಜ. ಆದರೆ ಬ್ಯಾಂಕು, ಕಾಲೇಜು, ಮಂಡಳಿ ಮೂರನ್ನೂ ಕಟ್ಟಿದ ಅವರೇ ಒಂದು ಕಾರಣದಿಂದ ಕೈಗಾರಿಕೆ ಬೆಳೆಯುತ್ತದೆಂದು ನಂಬಿದವರಲ್ಲ.