ನಂದಳಿಕೆಯ ಡ್ರಿಲ್ ಮಾಸ್ಟ್ರು ಹೇಳಿದ ಕಥೆ

ಊರಿಂದ ಯಕ್ಷಗಾನ ಮೇಳ ಬಂತೆಂದರೆ ಗಲ್ಫ್‌ನಲ್ಲಿರುವ ನಮ್ಮ ಕರಾವಳಿಯವರು ಡ್ಯೂಟಿ ಮುಗಿಸಿ ಓಡಿ ಹೋಗುತ್ತೇವೆ. 'ಕುಮಾರ ವಿಜಯ' ಪ್ರಸಂಗ ನೋಡಿದವರೂ ನಮ್ಮಲ್ಲಿದ್ದಾರೆ. ಅದನ್ನು ಬರೆದದ್ದು ಶಾಲೆಯ ಒಬ್ಬ ಡ್ರಿಲ್ ಮಾಸ್ಟ್ರು ಅಂತ ಎಷ್ಟು ಜನರಿಗೆ ಗೊತ್ತು?

ಅವರೇ ನಂದಳಿಕೆ ಲಕ್ಷ್ಮೀನಾರಣಪ್ಪ, ನಮ್ಮೆಲ್ಲರ ಮುದ್ದಣ. ಹುಟ್ಟಿದ್ದು 1870ರಲ್ಲಿ, ಕಾರ್ಕಳ ಹತ್ತಿರದ ನಂದಳಿಕೆಯಲ್ಲಿ. ಮನೆಯಲ್ಲಿ ಬಡತನ, ಹೆಚ್ಚು ಓದಲು ಆಗಲಿಲ್ಲ. ವ್ಯಾಯಾಮ ಕಲಿತು ಉಡುಪಿ, ಕುಂದಾಪುರದ ಶಾಲೆಗಳಲ್ಲಿ ಕೆಲಸ ಮಾಡಿದರು. ಸಂಬಳ ಕಡಿಮೆ, ಸಂಸಾರ ತೂಗಿಸುವುದೇ ಕಷ್ಟ. ಹಗಲು ಮಕ್ಕಳಿಗೆ ಕವಾಯತು, ಉಳಿದ ಹೊತ್ತಲ್ಲಿ ಹಳಗನ್ನಡ ಕಾವ್ಯಗಳ ಓದು, ಬರವಣಿಗೆ.

'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಎಂಬ ಯಕ್ಷಗಾನ ಪ್ರಸಂಗಗಳ ನಂತರ ಅವರು 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ರಾಮಾಶ್ವಮೇಧ' ಬರೆದರು. ಆದರೆ ಇವನ್ನು ತಮ್ಮ ಹೆಸರಲ್ಲಿ ಕಳಿಸಲಿಲ್ಲ. ಯಾರೋ ಹಿಂದಿನ ಕಾಲದ ಕವಿಯ ಕೃತಿ ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ವಿದ್ವಾಂಸರೂ ಹಳೆಯದೆಂದೇ ನಂಬಿದರು.

'ರಾಮಾಶ್ವಮೇಧ'ದಲ್ಲಿರುವುದು ಶ್ರೀರಾಮನ ಯಜ್ಞದ ಕುದುರೆಯ ಕಥೆ. ಅದನ್ನು ಹೇಳಲು ಮುದ್ದಣ ಆರಿಸಿಕೊಂಡ ಜಾಗ ಅರಮನೆಯಲ್ಲ, ಮನೆ. ಮಳೆಗಾಲ. ದುಡಿದು ದಣಿದು ಬಂದ ಗಂಡನನ್ನು ಹೆಂಡತಿ ಮನೋರಮೆ ಉಪಚರಿಸಿ, ಕಥೆ ಹೇಳು ಅನ್ನುತ್ತಾಳೆ. ಅವನು ಪದ್ಯ, ಸಂಸ್ಕೃತ ಅಂತ ಹೊರಟರೆ ಅವಳು ಬಿಡುವುದಿಲ್ಲ. ತನಗೆ ತಿಳಿಯುವ ಗದ್ಯವೇ ಬೇಕು ಅನ್ನುತ್ತಾಳೆ. ನಡುನಡುವೆ ತಡೆಯುತ್ತಾಳೆ, ಕಾಲೆಳೆಯುತ್ತಾಳೆ. ಪುರಾಣದ ಕಥೆ ಗಂಡ ಹೆಂಡಿರ ಮಾತುಕತೆಯಾಗಿಬಿಡುತ್ತದೆ. ಮುದ್ದಣನ ಹೆಂಡತಿ ಕಮಲಾಬಾಯಿಯೇ ಈ ಮನೋರಮೆ ಎಂದು ನಂಬುವವರು ಬಹಳ.

ಮುದ್ದಣನಿಗೆ ಕ್ಷಯರೋಗ ತಗಲಿತು. 1901ರಲ್ಲಿ, ಬರೀ 31ನೇ ವಯಸ್ಸಿಗೆ, ಹೆಂಡತಿ ಮತ್ತು ಪುಟ್ಟ ಮಗನನ್ನು ಬಿಟ್ಟು ಹೋದರು. ಆ ಕಾವ್ಯಗಳು ಇವರವೇ ಎಂದು ಲೋಕಕ್ಕೆ ಪೂರ್ತಿ ಖಾತ್ರಿಯಾದದ್ದು ಎಷ್ಟೋ ವರ್ಷಗಳ ನಂತರ. ಹೊಗಳಿಕೆ ಕೇಳಲು ಅವರಿರಲಿಲ್ಲ.

ಹಳೆಯ ಕಾವ್ಯ, ನಾಟಕ ನಮ್ಮಂಥ ದುಡಿಯುವವರಿಗೆ ಯಾಕೆ ಅಂತ ಕೇಳುವವರಿದ್ದಾರೆ. ಮುದ್ದಣ ಬರೆದದ್ದೇ ದುಡಿಯುವವನ ಮನೆಯಲ್ಲಿ ಕೂತು. ಈಗ ನಾವೂ ಶಿಫ್ಟ್ ಮುಗಿಸಿ ಬಂದು ಊರಿಗೆ ಫೋನ್ ಹಚ್ಚುತ್ತೇವೆ. ಹಣ ಬಂತಾ, ಊಟ ಆಯ್ತಾ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಮನೋರಮೆ ಕೇಳಿದ್ದು ಗಂಡನ ಸಂಬಳವನ್ನಲ್ಲ, ಅವನ ಹೊತ್ತನ್ನು. ಇವತ್ತು ಫೋನಿನಲ್ಲಿ ಮಕ್ಕಳಿಗೆ ಲವ ಕುಶರು ಕುದುರೆ ಕಟ್ಟಿಹಾಕಿದ ಕಥೆ ಹೇಳಿ ನೋಡಿ. ನಡುವೆ ಅವರು ತಡೆದು ಪ್ರಶ್ನೆ ಕೇಳಿದರೆ ಬೇಜಾರು ಮಾಡಬೇಡಿ. ಕಥೆ ಹಿಡಿಸಿದೆ ಅಂತಲೇ ಅರ್ಥ.