ತೊರಪಳ್ಳಿಯ ರಾಜಾಜಿ ಮತ್ತು ಬಡವರ ಸಾಲ

ನಮ್ಮ ಮತ್ತಿಗಿರಿಯವರಿಗೆ ತೊರಪಳ್ಳಿ ದೂರದ ಊರೇನಲ್ಲ. ಹೊಸೂರಿನ ಪಕ್ಕದ ಆ ಹಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಮುಂದೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದರು, ಭಾರತರತ್ನ ಪಡೆದರು. ಇದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಸಾಲದಲ್ಲಿ ಮುಳುಗಿದ ಬಡ ಬೇಸಾಯಗಾರನಿಗಾಗಿ ಅವರು ಮಾಡಿದ ಕೆಲಸವನ್ನು ನಮ್ಮ ಸೀಮೆಯಲ್ಲೇ ನೆನೆಯುವವರು ಕಡಿಮೆ. ಅದಕ್ಕಾಗಿಯೇ ಈ ಬಾರಿ ಅವರ ಬದುಕನ್ನು ಆರಿಸಿಕೊಂಡಿದ್ದೇವೆ.

ತಂದೆ ತೊರಪಳ್ಳಿಯ ಮುನಸೀಫರು, ಅಂದರೆ ಊರಿನ ಮುಖ್ಯಸ್ಥರು. ಹುಡುಗ ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿ, ಮದರಾಸಿನಲ್ಲಿ ಕಾನೂನು ಮುಗಿಸಿ, ಸೇಲಂನಲ್ಲಿ ವಕೀಲರಾದರು. ಒಳ್ಳೆಯ ವರಮಾನವಿತ್ತು. ಹೆಂಡತಿ ಐದು ಮಕ್ಕಳನ್ನು ಬಿಟ್ಟು ಬೇಗನೆ ತೀರಿಕೊಂಡರು, ಅವರು ಮರುಮದುವೆಯಾಗಲಿಲ್ಲ. ಗಾಂಧೀಜಿಯ ಕರೆಗೆ ವಕೀಲಿ ಬಿಟ್ಟರು, ಜೈಲು ಕಂಡರು. 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳ್ಯದಲ್ಲಿ ಆಶ್ರಮ ಕಟ್ಟಿ ಗುಡಿಸಲಿನಲ್ಲಿ ವಾಸಕ್ಕೆ ನಿಂತರು.

ಅದು ಬರದ ಸೀಮೆ. ಸುತ್ತಲಿನ ಹಳ್ಳಿಗಳ ಹೆಂಗಸರು ನೂಲು ತಂದು ಕೊಟ್ಟು ಕೂಲಿ ಪಡೆದು ಹೋಗುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಬಂದರೂ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಒಂದು ಕಡೆ ಹೆಂಡದಂಗಡಿ, ಇನ್ನೊಂದು ಕಡೆ ಬಡ್ಡಿಯವನು. ರಾಜಾಜಿಯವರ ಮುಂದಿನ ರಾಜಕೀಯದ ಬೇರು ಇಲ್ಲಿದೆ ಎಂದು ನಮಗೆ ತೋರುತ್ತದೆ.

1937ರಲ್ಲಿ ಅವರು ಮದರಾಸು ಪ್ರಾಂತ್ಯದ ಪ್ರಧಾನಿಯಾದರು. ಆಗ ಮುಖ್ಯಮಂತ್ರಿಯನ್ನು ಹಾಗೆ ಕರೆಯುತ್ತಿದ್ದರು. ಅದೇ ವರ್ಷ ಅಕ್ಟೋಬರ್ 1ರಂದು ಪಾನನಿರೋಧ ಮೊದಲು ಜಾರಿಯಾದದ್ದು ಸೇಲಂ ಜಿಲ್ಲೆಯಲ್ಲಿ. ಹೊಸೂರು, ಕೃಷ್ಣಗಿರಿ ಎಲ್ಲವೂ ಆಗ ಸೇಲಂ ಜಿಲ್ಲೆಗೇ ಸೇರಿದ್ದವು. ಆದ್ದರಿಂದ ಬಾಗಿಲು ಹಾಕಿದ ಮೊದಲ ಹೆಂಡದಂಗಡಿಗಳಲ್ಲಿ ನಮ್ಮ ಕಡೆಯವೂ ಇದ್ದವು.

ಮರುವರ್ಷ ಬಂದದ್ದು ರೈತರ ಸಾಲ ಪರಿಹಾರ ಕಾಯಿದೆ. 1929ರ ನಂತರ ಲೋಕದಲ್ಲೆಲ್ಲ ಬೆಲೆ ಕುಸಿದಿತ್ತು. ರಾಗಿ, ಭತ್ತ ಮಾರಿದರೆ ಮೊದಲಿನಷ್ಟು ಹಣ ಹುಟ್ಟುತ್ತಿರಲಿಲ್ಲ; ಪತ್ರದಲ್ಲಿ ಬರೆದ ಸಾಲ ಮಾತ್ರ ಒಂದು ಕಾಸೂ ಇಳಿಯಲಿಲ್ಲ. ಬಡ್ಡಿಗೆ ಬಡ್ಡಿ ಸೇರಿ ಹೊಲ ಕೈಬಿಟ್ಟು ಹೋಗುತ್ತಿತ್ತು. 1932ರ ಅಕ್ಟೋಬರಿಗೆ ಮುಂಚಿನ ಸಾಲವಾದರೆ, 1937ರ ಅಕ್ಟೋಬರ್ 1ಕ್ಕೆ ಉಳಿದಿದ್ದ ಬಡ್ಡಿಯೆಲ್ಲ ರದ್ದು, ಅಸಲು ಕೊಟ್ಟರೆ ಸಾಕು ಎಂದಿತು ಈ ಕಾಯಿದೆ. ಅಸಲೋ ಬಡ್ಡಿಯೋ, ಕೊಟ್ಟದ್ದೆಲ್ಲ ಸೇರಿ ಅಸಲಿನ ಎರಡರಷ್ಟಾಗಿದ್ದರೆ ಸಾಲವೇ ತೀರಿದಂತೆ. ನೂರು ರೂಪಾಯಿ ತಂದು ಅಷ್ಟು ವರ್ಷದಲ್ಲಿ ಇನ್ನೂರು ಕಟ್ಟಿದ್ದವನು ತಲೆಯೆತ್ತಿ ಮನೆಗೆ ಹೋಗಬಹುದಿತ್ತು. ಮುಂದಿನ ಸಾಲಗಳಿಗೆ ನೂರಕ್ಕೆ ವರ್ಷಕ್ಕೆ ಆರೂಕಾಲು ರೂಪಾಯಿ ಬಡ್ಡಿಯ ಮಿತಿ, ರೂಪಾಯಿಗೆ ಒಂದಾಣೆ.

ಧರ್ಮೋಪದೇಶ ಕಾಂಡ ಓದಿದವರಿಗೆ ಏಳನೆಯ ವರ್ಷದ ಸಾಲ ಬಿಡುಗಡೆ ನೆನಪಾಗದೆ ಇರದು. ಅಲ್ಲಿಯೂ ಸಾಲದಿಂದ ಬಿಡುಗಡೆ ಕೊಟ್ಟವನ ಔದಾರ್ಯವಲ್ಲ, ಎಲ್ಲರಿಗೂ ಅನ್ವಯಿಸುವ ಕಟ್ಟಳೆ. ರಾಜಾಜಿಯವರ ಕಾಯಿದೆಯಲ್ಲಿ ನಮಗೆ ಹಿಡಿಸುವುದೂ ಇದೇ. ಸಾಹುಕಾರರು ಸುಮ್ಮನಿರಲಿಲ್ಲ, ವ್ಯಾಜ್ಯ ಫೆಡರಲ್ ಕೋರ್ಟಿನವರೆಗೂ ಹೋಯಿತು. ಬೇರೆ ಆಸ್ತಿಯಿಲ್ಲದೆ, ಕೊಟ್ಟ ಸಣ್ಣ ಸಾಲವನ್ನೇ ನಂಬಿದ್ದ ಹೆಂಗಸಿಗೆ ಬರಬೇಕಾದ ಹಣವನ್ನು ಈ ಕಾಯಿದೆ ಮುಟ್ಟಲಿಲ್ಲ, ಕೂಲಿಯಾಳಿಗೆ ಬರಬೇಕಾದ ಕೂಲಿಯನ್ನೂ ಮುಟ್ಟಲಿಲ್ಲ. ಇಷ್ಟು ಎಚ್ಚರದಿಂದ ಬರೆದ ಕಾಯಿದೆಗಳು ಕಡಿಮೆ.

ಆದರೂ ಒಂದು ಕೊರತೆ ದೊಡ್ಡದು. ಪರಿಹಾರ ಸಿಗಬೇಕಾದರೆ ಹೊಲದಲ್ಲಿ ಹಕ್ಕಿರಬೇಕಿತ್ತು. ಅಂಗೈಯಗಲ ನೆಲವೂ ಇಲ್ಲದೆ ಸಾಲಕ್ಕೆ ದುಡಿಯುತ್ತಿದ್ದವನು ಕಾಯಿದೆಯ ಹೊರಗೇ ಉಳಿದ. ಹೆಂಡದ ವರಮಾನ ಹೋದದ್ದನ್ನು ತುಂಬಲು 1939ರಲ್ಲಿ ತಂದ ಮಾರಾಟ ತೆರಿಗೆಯೂ ಅಂಗಡಿಗೆ ಹೋಗುವ ಬಡವನ ಜೇಬಿಗೇ ತಗಲುವಂಥದು. 1953ರ ಶಾಲಾ ಯೋಜನೆ ಇನ್ನೂ ಕೆಟ್ಟದಾಯಿತು: ಅರ್ಧ ಹೊತ್ತು ಪಾಠ, ಉಳಿದ ಹೊತ್ತು ಮನೆಯ ಕಸುಬು. ಮಡಿವಾಳನ ಮಗ ಮಡಿವಾಳನಾಗಿಯೇ ಉಳಿಯಬೇಕೆ ಎಂದು ಜನ ಕೇಳಿದರು. ಕೇಳಿದ್ದು ಸರಿಯೇ. 1954ರಲ್ಲಿ ಅವರು ಅಧಿಕಾರ ಬಿಟ್ಟರು. ನಂತರ ಬಂದ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟರು.

ಕಾಮರಾಜರ ಕಾಲದಲ್ಲೇ, 1962ರ ಏಪ್ರಿಲ್‌ನಲ್ಲಿ, ಮದರಾಸು ರಾಜ್ಯದಲ್ಲಿ ದಿಕ್ಕಿಲ್ಲದ ಮುದುಕರಿಗೆ ತಿಂಗಳಿಗೆ 20 ರೂಪಾಯಿ ಪಿಂಚಣಿ ಶುರುವಾಯಿತು. ಸಾಲದ ಕಾಯಿದೆ ಬಿಟ್ಟುಹೋದ ನೆಲವಿಲ್ಲದವನಿಗೆ ಸರ್ಕಾರ ಕೈಚಾಚಿದ್ದು ಹಾಗೆ. ಅಷ್ಟರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿ, ಸರ್ಕಾರ ಎಲ್ಲದರಲ್ಲೂ ಕೈಹಾಕಬಾರದೆಂದು ವಾದಿಸುತ್ತಿದ್ದರು. 1938ರಲ್ಲಿ ಸಾಹುಕಾರನ ಪೆಟ್ಟಿಗೆಯೊಳಗಿನ ಪತ್ರಕ್ಕೇ ಕೈಹಾಕಿದವರು ಅವರೇ ಎಂಬುದು ನಮಗೆ ಈಗಲೂ ಸೋಜಿಗ.

ಪಿಂಚಣಿ ಬಂದು ಅರವತ್ತು ವರ್ಷ ಮೀರಿತು. ನಮ್ಮ ಧರ್ಮಕೇಂದ್ರದ ಅಜ್ಜಿಯರಲ್ಲಿ ತಮಿಳಿನ ಅರ್ಜಿ ಓದಲಾರದೆ, ಕಾಗದಪತ್ರ ಹಿಡಿದು ಅಲೆಯುವವರನ್ನು ನಾವು ಇಂದೂ ನೋಡುತ್ತೇವೆ. ಭಾನುವಾರ ಪೂಜೆ ಮುಗಿದ ಮೇಲೆ ಓದುಬರಹ ಬಲ್ಲ ನಮ್ಮ ಯುವಕರು ಅರ್ಧ ಗಂಟೆ ಅವರ ಪಕ್ಕ ಕೂತರೆ ಎಷ್ಟೋ ಅರ್ಜಿಗಳು ಮುಂದೆ ಹೋಗುತ್ತವೆ. ಬಿಟ್ಟುಹೋದವರ ಹೆಸರು ಬರೆದು ಅಧಿಕಾರಿಗಳಿಗೆ ಒಟ್ಟಾಗಿ ಮನವಿ ಕೊಡಲೂಬಹುದು. ಅವರು ಕೇಳುವುದು ಭಿಕ್ಷೆಯಲ್ಲ.

ರಾಜಾಜಿಯವರು ಪಾನನಿರೋಧವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. 1971ರಲ್ಲಿ ರಾಜ್ಯ ಸರ್ಕಾರ ಅದನ್ನು ತೆಗೆಯಲು ಹೊರಟಾಗ, 92ರ ಮುದುಕ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ತಾವೇ ಹೋಗಿ ಬೇಡವೆಂದು ಕೇಳಿಕೊಂಡರು. ಅವರ ಮಾತು ನಡೆಯಲಿಲ್ಲ. ಮರುವರ್ಷ ಡಿಸೆಂಬರ್ 25ರಂದು, ನಾವೆಲ್ಲ ಕ್ರಿಸ್ತಜಯಂತಿ ಆಚರಿಸುವ ದಿನ, ಮದರಾಸಿನಲ್ಲಿ ಕಣ್ಣು ಮುಚ್ಚಿದರು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆ ಈಗ ಸ್ಮಾರಕ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬರಬಹುದು.