ಕಾರ್ಮಿಕರ ಜಗದ್ಗುರು: ಪೋಪ್ 13ನೇ ಲಿಯೋ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯ ಕಟ್ಟಿಸಿದ ಗುರುಗಳನ್ನೂ ನೆರವಾದ ದಾನಿಗಳನ್ನೂ ನೆನೆಯುವುದು ವಾಡಿಕೆ. ಕಲ್ಲು ಹೊತ್ತವರ, ಗಾರೆ ಕಲಸಿದವರ ಹೆಸರು ಮಾತ್ರ ಯಾವ ಫಲಕದಲ್ಲಿಯೂ ಕಾಣಸಿಗದು. ಅಂಥವರ ಪರವಾಗಿ ಧರ್ಮಸಭೆಯ ಪರಮಾಧಿಕಾರದಿಂದ ಮಾತನಾಡಿದ ಜಗದ್ಗುರುಗಳೊಬ್ಬರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವುದು ಉಚಿತವೆಂದು ಭಾವಿಸಿದ್ದೇನೆ. ಅವರಿಗೂ ನಮ್ಮ ನಾಡಿಗೂ ನಂಟಿಲ್ಲದೆ ಇಲ್ಲ. 1886ರ ಸೆಪ್ಟೆಂಬರ್ 1ರಂದು ಭಾರತದ ಧರ್ಮಪ್ರಾಂತ್ಯಗಳ ವ್ಯವಸ್ಥೆಯನ್ನು ಏರ್ಪಡಿಸಿ, ಮೈಸೂರನ್ನು ಧರ್ಮಪ್ರಾಂತ್ಯದ ಪದವಿಗೆ ಏರಿಸಿದವರು ಅವರೇ. 1940ರಲ್ಲಿ ಬೇರೆಯಾಗುವವರೆಗೆ ಬೆಂಗಳೂರು ಆ ಮೈಸೂರಿಗೇ ಸೇರಿತ್ತು. ನೂರು ವರ್ಷ ತುಂಬಿದ ನಮ್ಮಂಥ ಧರ್ಮಕೇಂದ್ರಗಳು ಕಣ್ತೆರೆದದ್ದು ಅದರ ಮಡಿಲಿನಲ್ಲಿಯೇ.

ಲಿಯೋ ಅವರ ಪೂರ್ವದ ಹೆಸರು ಜೊವಾಕಿನೋ ಪೆಚ್ಚಿ. ರೋಮ್ ನಗರಕ್ಕೆ ದಕ್ಷಿಣದ ಬೆಟ್ಟಗಳ ನಡುವಿನ ಕಾರ್ಪಿನೇತೋ ಎಂಬ ಊರಿನಲ್ಲಿ 1810ರ ಮಾರ್ಚ್ 2ರಂದು ಅವರ ಜನನ. ಏಳು ಮಕ್ಕಳಲ್ಲಿ ಆರನೆಯವರು. ಕುಲೀನ ಮನೆತನ. ವಿತೆರ್ಬೋ ಪಟ್ಟಣದಲ್ಲಿಯೂ ಅನಂತರ ರೋಮಿನಲ್ಲಿಯೂ ಯೇಸುಸಭೆಯ ಗುರುಗಳ ಬಳಿ ವ್ಯಾಸಂಗ ಮಾಡಿ, 1837ರ ಕೊನೆಯ ದಿನ ಗುರುದೀಕ್ಷೆ ಪಡೆದರು. ಆ ಕಾಲದಲ್ಲಿ ಇಟಲಿಯ ಮಧ್ಯಭಾಗ ಪೋಪರ ಆಳ್ವಿಕೆಗೆ ಒಳಪಟ್ಟಿದ್ದುದರಿಂದ, ತರುಣ ಗುರು ಪೆಚ್ಚಿಯವರಿಗೆ ದೊರೆತದ್ದು ಜಿಲ್ಲಾಡಳಿತದ ಹೊಣೆ. ಮೊದಲು ಬೆನೆವೆಂತೋ, 1841ರಿಂದ ಪೆರೂಜಾ. ಅಲ್ಲಿನ ಒಂದು ಪ್ರಸಂಗವನ್ನು ಚರಿತ್ರಕಾರರು ಹೇಳುತ್ತಾರೆ. ರೊಟ್ಟಿ ಸುಡುವ ಅಂಗಡಿಗಳಲ್ಲಿ ತೂಕದ ಮೋಸ ನಡೆಯುತ್ತಿದ್ದಾಗ, ಪೆಚ್ಚಿಯವರು ತಾವೇ ಅಂಗಡಿಯೊಳಗೆ ನುಗ್ಗಿ, ತೂಕ ಕಡಿಮೆ ಬಂದ ರೊಟ್ಟಿಯನ್ನೆಲ್ಲ ವಶಪಡಿಸಿಕೊಂಡು ಬಡವರಿಗೆ ಹಂಚಿಸಿಬಿಟ್ಟರಂತೆ. ನ್ಯಾಯವೆಂಬುದು ಉಪದೇಶ ಪೀಠದ ಮಾತು ಮಾತ್ರವಲ್ಲ, ತಕ್ಕಡಿಯ ಮಾತೂ ಹೌದೆಂಬುದನ್ನು ಅವರು ಆ ವಯಸ್ಸಿನಲ್ಲಿಯೇ ಕಂಡುಕೊಂಡಿದ್ದರು.

1843ರಲ್ಲಿ ಅವರು ಬೆಲ್ಜಿಯಂ ದೇಶಕ್ಕೆ ಪೋಪರ ರಾಯಭಾರಿಯಾಗಿ ತೆರಳಿದರು. ಕಲ್ಲಿದ್ದಲ ಗಣಿ, ಕಬ್ಬಿಣದ ಕುಲುಮೆ, ನೂಲಿನ ಗಿರಣಿಗಳಿಂದ ತುಂಬಿದ್ದ ಆ ನಾಡು ಯುರೋಪ್ ಖಂಡದಲ್ಲಿ ಯಂತ್ರೋದ್ಯಮಕ್ಕೆ ಮೊದಲು ತೆರೆದುಕೊಂಡ ದೇಶಗಳಲ್ಲೊಂದು. ಹೊಲಗದ್ದೆಗಳ ಇಟಲಿಯಿಂದ ಹೋದವರ ಕಣ್ಣಿಗೆ ಅದು ಬೇರೊಂದು ಲೋಕ. ಮೂರು ವರ್ಷಗಳ ನಂತರ ಪೆರೂಜಾದ ಧರ್ಮಾಧ್ಯಕ್ಷರಾಗಿ ಮರಳಿ ಬಂದು, 32 ವರ್ಷಗಳಷ್ಟು ದೀರ್ಘಕಾಲ ಅಲ್ಲಿಯೇ ನೆಲೆಸಿದರು. ಆ ಸೇವೆಯ ಕೊನೆಯ ದಿನಗಳಲ್ಲಿ ತಮ್ಮ ಭಕ್ತಜನರಿಗೆ ಬರೆದ ಪತ್ರಗಳಲ್ಲಿ ಎಳೆಯ ಮಕ್ಕಳನ್ನು ಕಾರ್ಖಾನೆಯಲ್ಲಿ ಸವೆಸುವ ಕ್ರೌರ್ಯವನ್ನು ಖಂಡಿಸಿದ್ದುಂಟು.

1878ರ ಫೆಬ್ರವರಿ 20ರಂದು ಅವರು ಪೋಪರಾಗಿ ಆಯ್ಕೆಯಾದಾಗ 68 ತುಂಬಲು ಕೆಲವೇ ದಿನಗಳು ಬಾಕಿ. ಕೃಶ ದೇಹ, ದುರ್ಬಲ ಆರೋಗ್ಯ. ಬಹುಕಾಲ ಬಾಳಲಾರರೆಂದು ಹಲವರು ಎಣಿಸಿದ್ದರು. ಅವರಾದರೋ 25 ವರ್ಷ ಧರ್ಮಸಭೆಯನ್ನು ಮುನ್ನಡೆಸಿದರು. ಪೋಪರ ರಾಜ್ಯ 1870ರಲ್ಲಿಯೇ ಕೈಬಿಟ್ಟು ಹೋಗಿದ್ದುದರಿಂದ ಅವರಿಗೆ ಸೈನ್ಯವಿರಲಿಲ್ಲ, ವ್ಯಾಟಿಕನ್ನಿನ ಗೋಡೆಯಾಚೆ ಆಡಳಿತವಿರಲಿಲ್ಲ. ಉಳಿದಿದ್ದದ್ದು ಲೇಖನಿಯೊಂದೇ.

ಕಾರ್ಮಿಕರು ಅವರ ಬಾಗಿಲಿಗೇ ಬಂದರು. ಫ್ರಾನ್ಸಿನ ಗಿರಣಿ ಮಾಲೀಕ ಲೆಯೋನ್ ಹರ್ಮೆಲ್ ಎಂಬ ಭಕ್ತರು 1887ರಲ್ಲಿ ಸುಮಾರು 1,800 ಮಂದಿ ಕಾರ್ಮಿಕರನ್ನೂ 1889ರಲ್ಲಿ 10,000 ಮಂದಿಯನ್ನೂ ರೋಮಿಗೆ ಯಾತ್ರೆ ಕರೆತಂದರು. ಅದೇ 1889ರಲ್ಲಿ ಲಂಡನ್ನಿನ ಹಡಗುಕಟ್ಟೆಯ ಕೂಲಿಗಳು ಮುಷ್ಕರ ಹೂಡಿದಾಗ, ಕಾರ್ಡಿನಲ್ ಮ್ಯಾನಿಂಗ್ ಅವರು ತಮ್ಮ ಇಳಿವಯಸ್ಸಿನಲ್ಲಿ ಮಧ್ಯಸ್ಥಿಕೆ ವಹಿಸಿ ಸಂಧಾನ ಮಾಡಿಸಿದರು. ಈ ಎಲ್ಲ ಸುದ್ದಿಗಳೂ ವ್ಯಾಟಿಕನ್ನನ್ನು ತಲುಪುತ್ತಿದ್ದವು. ಕೊನೆಗೆ 1891ರ ಮೇ 15ರಂದು, ‘ರೇರುಂ ನೋವಾರುಂ’ ಎಂಬ ವಿಶ್ವಪರಿಪತ್ರ ಹೊರಬಂದಿತು. ಮಾರ್ಕ್ಸ್ ಮತ್ತು ಎಂಗೆಲ್ಸರ ಪ್ರಣಾಳಿಕೆ ಪ್ರಕಟವಾಗಿ ಆಗಲೇ 43 ವರ್ಷಗಳಾಗಿದ್ದವು. ಧರ್ಮಸಭೆ ತಡಮಾಡಿತೆಂಬ ಆಕ್ಷೇಪಣೆಯನ್ನು ಅಲ್ಲಗಳೆಯುವುದು ಕಷ್ಟ. ಆದರೆ ಮಾತು ಹೊರಟಾಗ ಅದು ಅಳುಕಿನ ಮಾತಾಗಿರಲಿಲ್ಲ.

ಸ್ವಂತ ಆಸ್ತಿಯ ಹಕ್ಕನ್ನು ಅವರು ಎತ್ತಿಹಿಡಿದರು, ಸಮಾಜವಾದವನ್ನು ನಿರಾಕರಿಸಿದರು. ಉಳ್ಳವರು ಅಷ್ಟಕ್ಕೇ ಓದಿ ಪುಸ್ತಕ ಮುಚ್ಚಿದ್ದರೆ ಸಂತೋಷಪಡುತ್ತಿದ್ದರೇನೋ! ಮುಂದಿನ ಪುಟಗಳಲ್ಲಿ ಕೂಲಿಯ ವಿಚಾರ ಬರುತ್ತದೆ. ಮಾಲೀಕನೂ ಆಳೂ ಇಬ್ಬರೂ ಒಪ್ಪಿದ ಮೇಲೆ ಕೂಲಿ ಎಷ್ಟಿದ್ದರೇನು, ಒಪ್ಪಂದವೇ ನ್ಯಾಯವಲ್ಲವೇ ಎಂಬುದು ಅಂದಿನ ಅರ್ಥಶಾಸ್ತ್ರದ ವಾದ. ಲಿಯೋ ಅವರು ಇದನ್ನು ಬೇರಿನಿಂದಲೇ ಪ್ರಶ್ನಿಸಿದರು. ದುಡಿಮೆ ದುಡಿಯುವವನ ಸ್ವಂತದ್ದು, ನಿಜ. ಆದರೆ ಅದು ಅವನ ಜೀವಧಾರಣೆಗೆ ಅನಿವಾರ್ಯವಾದದ್ದು ಕೂಡ. ದೇವರಿತ್ತ ಪ್ರಾಣವನ್ನು ಉಳಿಸಿಕೊಳ್ಳುವುದು ಪ್ರತಿಯೊಬ್ಬನ ಕರ್ತವ್ಯವಾದ್ದರಿಂದ, ಮಿತವಾಗಿ ಬಾಳುವ ಶ್ರಮಿಕನೊಬ್ಬನ ಜೀವನಕ್ಕೆ ಸಾಲದಷ್ಟು ಕಡಿಮೆ ಕೂಲಿಯನ್ನು ಯಾವ ಒಪ್ಪಂದವೂ ನ್ಯಾಯಗೊಳಿಸಲಾರದು. ಹಸಿದವನು ಇನ್ನೂ ದೊಡ್ಡ ಕೇಡಿಗೆ ಹೆದರಿ ಹೂಂ ಎಂದರೆ ಅದು ಒಪ್ಪಿಗೆಯಲ್ಲ, ಬಲಾತ್ಕಾರ. ಮಿತವ್ಯಯದಿಂದ ಅವನು ಒಂದಿಷ್ಟು ಉಳಿಸಿಡುವಂತೆಯೂ ಇರಬೇಕೆಂದರು. ಕೆಲಸಗಾರರು ಸಂಘ ಕಟ್ಟಿಕೊಳ್ಳುವುದು ಮನುಷ್ಯರ ಸಹಜ ಹಕ್ಕೆಂದರು.

ವಿಶ್ರಾಂತಿಯ ವಿಚಾರದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೇವರ ದಿನದ ಬಿಡುವು ಮಾಲೀಕನು ಕೊಡುವ ಉಡುಗೊರೆಯಲ್ಲ. ಅದು ಸೋಮಾರಿತನಕ್ಕಾಗಲಿ ದುಂದುಗಾರಿಕೆಗಾಗಲಿ ಕೊಟ್ಟ ಸಮಯವೂ ಅಲ್ಲ. ಮನುಷ್ಯನ ಆತ್ಮ ದೇವರದ್ದಾದ್ದರಿಂದ ಆ ದಿನವನ್ನು ಕೆಲಸಗಾರ ತಾನಾಗಿಯೇ ಮಾರಿಕೊಳ್ಳುವಂತಿಲ್ಲ, ಮಾಲೀಕ ಕೊಳ್ಳುವಂತೆಯೂ ಇಲ್ಲ.

ಕೂಲಿ, ರಜೆ ಇವೆರಡೂ ಒಂದೇ ಪತ್ರದಲ್ಲಿ ಅಕ್ಕಪಕ್ಕದಲ್ಲಿ ಬಂದಿರುವುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ವಿಮೋಚನಕಾಂಡದಲ್ಲಿ ಮನ್ನಾ ಸುರಿದ ಕಥೆಯನ್ನು ನೆನೆಯೋಣ. ಸಬ್ಬತ್ ದಿನ ಯಾರೂ ಆಯಲು ಹೋಗಬಾರದೆಂದು ವಿಧಿಸಿದ ದೇವರು ಆರನೆಯ ದಿನ ಎರಡರಷ್ಟು ಸುರಿಸಿದರು. ಏಳನೆಯ ದಿನದ ಊಟವನ್ನು ಆರು ದಿನಗಳಲ್ಲಿಯೇ ಕೊಡದೆ ವಿಶ್ರಮಿಸೆಂದು ಹೇಳಿದ್ದರೆ ಆ ವಿಶ್ರಾಂತಿ ಉಪವಾಸವಾಗುತ್ತಿತ್ತು. ಬಿಡುವಿನ ದಿನದ ಸಂಬಳ ಹಿಡಿದುಕೊಂಡು ರಜೆ ಕೊಟ್ಟೆವೆನ್ನುವವರು ಈ ಅಧ್ಯಾಯವನ್ನು ಬಿಡುವು ಮಾಡಿಕೊಂಡು ಓದಬೇಕು.

ಅದೇ 1891ರಲ್ಲಿ ಬ್ರಿಟಿಷ್ ಭಾರತದ ಕಾರ್ಖಾನೆ ಶಾಸನ ವಾರಕ್ಕೊಂದು ರಜೆಯನ್ನು ವಿಧಿಸಿತು. ಅದರ ಹಿಂದಿನ ವರ್ಷವೇ ಮುಂಬಯಿಯಲ್ಲಿ ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟಕ್ಕೆ ಮಣಿದು ಗಿರಣಿ ಮಾಲೀಕರು ಭಾನುವಾರದ ಬಿಡುವಿಗೆ ಒಪ್ಪಿದ್ದರು. ಭಾನುವಾರ ಕ್ರೈಸ್ತರು ತಂದ ರಜೆಯೆಂದು ಬೀಗುವವರು ಇದನ್ನೂ ತಿಳಿದಿರುವುದು ಒಳ್ಳೆಯದು. ಕಾಯಕದ ಘನತೆಯ ಪಾಠ ಕನ್ನಡಿಗರಿಗೆ ರೋಮಿನಿಂದಲೇ ಬರಬೇಕಾಗಿರಲಿಲ್ಲ. 12ನೆಯ ಶತಮಾನದ ಶರಣರು, ಅವರಲ್ಲಿಯೂ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು, ಅದನ್ನು ಬಾಳಿ ತೋರಿಸಿದ್ದರು.

ಲಿಯೋ ಅವರ ಪತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಹೆಂಗಸರಿಗೆ ಮನೆವಾರ್ತೆಯೇ ಸಹಜವೆಂಬ ಅವರ ನಿಲುವು ಇಂದು ಒಪ್ಪಿತವಾಗದು. ಇಡೀ ಕುಟುಂಬದ ಪೋಷಣೆಗೆ ಸಾಕಾಗುವ ಕೂಲಿಯೆಂಬುದನ್ನು ಸ್ಪಷ್ಟವಾಗಿ ಹೇಳಲು 1931ರಲ್ಲಿ 11ನೇ ಪಿಯುಸ್ ಅವರೇ ಬರಬೇಕಾಯಿತು. 1955ರಲ್ಲಿ 12ನೇ ಪಿಯುಸ್ ಅವರು ಮೇ 1ನ್ನು ಶ್ರಮಿಕ ಸಂತ ಜೋಸೆಫರ ಹಬ್ಬವಾಗಿ ಸಾರಿದರು. ನಾವು ಗುರುಮಠದಲ್ಲಿ ಓದುತ್ತಿದ್ದ 1981ರಲ್ಲಿ 2ನೇ ಜಾನ್ ಪಾಲ್ ಅವರ ದುಡಿಮೆಯ ಕುರಿತ ಪರಿಪತ್ರ ಬಂದಿತು. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರ 77 ದಿನಗಳ ಮುಷ್ಕರ ಮುಗಿದದ್ದೂ ಅದೇ ವರ್ಷ. ಆದ್ದರಿಂದ ಆ ಪಾಠ ನಮಗೆ ಪುಸ್ತಕದ ಪಾಠವಾಗಿ ಕಾಣಲಿಲ್ಲ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪರು 14ನೇ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ, ಈ ಪತ್ರವನ್ನೇ ಮುಖ್ಯ ಕಾರಣವಾಗಿ ತಿಳಿಸಿದರು.

ನಮ್ಮ ಬಡಾವಣೆಗಳ ಮಾತಿಗೆ ಬರೋಣ. ಬಿ.ಟಿ.ಎಂ. ಬಡಾವಣೆಯ ಆಚೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಗೆ ಇಳಿದದ್ದು ತಮ್ಮದೇ ಭವಿಷ್ಯನಿಧಿಯ ಹಣವನ್ನು ಹಿಂತೆಗೆದುಕೊಳ್ಳಲು ತಂದ ನಿರ್ಬಂಧದ ವಿರುದ್ಧ. ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಶ್ರಮಿಕನ ಉಳಿತಾಯದ ಬಗ್ಗೆ ಲಿಯೋ ಅವರು ಬರೆದದ್ದು ಇಂಥ ಹಣವನ್ನೇ ಕುರಿತು. ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸದವರಿಗೂ ಕನಿಷ್ಠ ವೇತನ ಗೊತ್ತುಪಡಿಸಿತು. ಆದರೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳ ಅಡುಗೆಮನೆಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಭಾನುವಾರ ನಾವು ಬಲಿಪೂಜೆ ಮುಗಿಸಿ ನೆಂಟರೊಡನೆ ಮನೆಗೆ ಮರಳುತ್ತೇವೆ. ತೊಳೆಯಬೇಕಾದ ಪಾತ್ರೆಗಳ ರಾಶಿ ಅಂದೇ ದೊಡ್ಡದು, ಕ್ರಿಸ್ಮಸ್ಸಿನಲ್ಲಿ ಇನ್ನೂ ದೊಡ್ಡದು. ತಿಕ್ಕುವಾಕೆ ನಮ್ಮದೇ ಧರ್ಮಕೇಂದ್ರದವಳಾಗಿದ್ದರೆ, ಅವಳ ಪೂಜೆಯ ವೇಳೆ ಯಾವುದು? ಬೇರೆ ಧರ್ಮದವಳಾಗಿದ್ದರೆ, ಯುಗಾದಿಗೋ ಗೌರಿ ಹಬ್ಬಕ್ಕೋ ಅವಳು ಊರಿಗೆ ಹೋದ ದಿನದ ಲೆಕ್ಕವನ್ನು ತಿಂಗಳ ಕೊನೆಯಲ್ಲಿ ಯಾರು ಬರೆಯುತ್ತಾರೆ? ಸಬ್ಬತ್ತಿನ ಕಟ್ಟಳೆಯಲ್ಲಿ ದಾಸಿಯ ಹೆಸರೂ ಇದೆ, ಪರದೇಶಿಯ ಹೆಸರೂ ಇದೆ, ಎತ್ತು ಕತ್ತೆಗಳನ್ನೂ ಬಿಟ್ಟಿಲ್ಲ.

13ನೇ ಲಿಯೋ ಅವರು 1903ರ ಜುಲೈ 20ರಂದು, ತಮ್ಮ 93ನೆಯ ವಯಸ್ಸಿನಲ್ಲಿ ದೈವಾಧೀನರಾದರು. 1924ರಲ್ಲಿ ಅವರ ಪಾರ್ಥಿವ ಶರೀರವನ್ನು ಸಂತ ಪೇತ್ರರ ಮಹಾದೇವಾಲಯದಿಂದ ಸಂತ ಯೊವಾನ್ನರ ಲಾತೆರಾನ್ ಮಹಾದೇವಾಲಯಕ್ಕೆ ಸಾಗಿಸಲಾಯಿತು. ಅಲ್ಲಿನ ಸಮಾಧಿಯ ಮೇಲೆ ಕೈಯೆತ್ತಿ ನಿಂತ ಜಗದ್ಗುರುಗಳ ಅಮೃತಶಿಲೆಯ ಪ್ರತಿಮೆಯಿದೆ. ಅದರ ಒಂದು ಬದಿಯಲ್ಲಿ, ಯಾತ್ರೆಗೆ ಬಂದ ಕೂಲಿಕಾರನೊಬ್ಬನನ್ನು ಶಿಲ್ಪಿ ಕಡೆದಿದ್ದಾನೆ.